ಕೆಮ್ಮದೆ ಬರುವ ಸುರುಂಗ

೧೯೦೮ರಲ್ಲಿ ನಾನು ಸವದತ್ತಿ ಭಾಗದಲ್ಲಿ ರಸ್ತೆ ಕೆಲಸದ ಓವರ್‌ಸಿಯರ್ ಆಗಿದ್ದೆ. ಮನೋಳಿಯ ಹತ್ತಿರ ಸೇತುವೆಗಾಗಿ ಕಲ್ಲು ತೆಗೆಯುತ್ತಿದ್ದರು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುವುದಕ್ಕೆ ಅಲ್ಲಿ ಸುರುಂಗ ಹಾರಿಸುವುದು ಎನ್ನುತ್ತಾರೆ. ಹಿಂದಿನ ವರ್ಷವಷ್ಟೇ ನನ್ನ ಹೆಂಡತಿ ಜ್ವರ ಬಂದು ತೀರಿಕೊಂಡಿದ್ದಳು. ಸರ್ಕಾರಿ ಬಂಗಲೆಯಲ್ಲಿ ನಾನೊಬ್ಬನೇ. ಮಾತಿಗೆ ಗೋಡೆಯೇ ಗತಿ.

ಕಲ್ಲಿನ ಖಣಿಯ ಸಪ್ಪಳದ ಬಗ್ಗೆ ನೀಲವ್ವ ಎಂಬ ವಿಧವೆ ತಕರಾರು ಕೊಟ್ಟಳು. ಮಕ್ಕಳಿಲ್ಲದ ಆಕೆ ಊರಂಚಿನ ಮನೆಯಲ್ಲಿ ಒಬ್ಬಳೇ ಇದ್ದಳು. ಸಪ್ಪಳ ತಾಳಲಾರದೆ ಮನೆ ಮಾರಿ, ಯರಗಟ್ಟಿಯಲ್ಲಿದ್ದ ತಮ್ಮನ ಮನೆ ಸೇರುವ ಹಂತಕ್ಕೆ ಬಂದಿದ್ದಳು.

ಸಪ್ಪಳ ಅಳೆಯುವ ಯಂತ್ರ ಆಗ ನಮ್ಮ ಕೈಗೆಲ್ಲಿ ಬರಬೇಕು? ನನ್ನದೇ ಒಂದು ಉಪಾಯವಿತ್ತು. ತಟ್ಟೆಯಲ್ಲಿ ಜೋಳ ಹರಡಿ ಮನೆಯೊಳಗೆ ಇಡುವುದು. ಕಾಳು ತಟ್ಟೆ ದಾಟಿ ಹಾರಿದರೆ ದೊಡ್ಡ ಸಪ್ಪಳ, ಅಲ್ಲೇ ಕುಣಿದರೆ ನಡುವಿನದು, ಅಲುಗದಿದ್ದರೆ ಸಣ್ಣದು. ನೀಲವ್ವನ ಪಡಸಾಲೆಯಲ್ಲಿ ತಟ್ಟೆ ಇಟ್ಟು ಕುಳಿತೆ. ಸುರುಂಗ ಹಾರಿತು. ಒಂದು ಕಾಳೂ ಅಲುಗಲಿಲ್ಲ. ಆಕೆಯ ಕೈಯ ತಂಬಿಗೆ ಮಾತ್ರ ನೆಲಕ್ಕೆ ಬಿದ್ದಿತ್ತು.

“ಸಣ್ಣ ಸಪ್ಪಳ ಐತಿ, ತಂಗಿ,” ಎಂದೆ.

“ಜ್ವಾಳ ಅಂಜಂಗಿಲ್ರಿ ಸಾಹೇಬ್ರ, ನಾ ಅಂಜತೇನಿ. ಮನಿಗೆ ಬರೂ ಮಂದಿ ಬಾಗಲದಾಗ ಕೆಮ್ಮಿ ಬರತಾರ. ನಿಮ್ಮ ಸುರುಂಗ ಕೆಮ್ಮೂದಿಲ್ಲ. ಯಾವಾಗ ಬರತೈತೋ ಅಂತ ಮುಂಜಾನಿಂದ ಅದರ ಹಾದಿ ನೋಡ್ಕೋತ ಕುಂದರತೇನಿ. ಈ ಮನಿ ಬಿಟ್ರ ನಾ ಯಾರ ಮನಿಯಾಕಿ?”

ನಾನು ತಟ್ಟೆ ಎತ್ತಿಕೊಂಡು ಎದ್ದೆ. ನೇರ ಖಣಿಗೆ ಹೋಗಿ, ಬತ್ತಿ ಹಚ್ಚುವ ಮುಂಚೆ ಊರಿಗೆ ಕೇಳುವಂತೆ ತಮಟೆಯಂಥ ಹಲಗೆ ಬಾರಿಸಬೇಕು ಎಂದು ಗುತ್ತಿಗೆದಾರನಿಗೆ ಹೇಳಿದೆ.

“ಒಬ್ಬಾಕಿ ಹೆಣ್ಮಗಳ ಸಲುವಾಗಿ ಹಲಿಗಿ ಬಾರಸೂದೇನ್ರಿ? ಮಂದಿ ನಗತಾರ,” ಎಂದ ಆತ.

ನನಗೋ ಸಿಟ್ಟು ಮೂಗಿನ ತುದಿಯಲ್ಲೇ. “ನಗೂ ಮಂದಿ ನಗಲಿ. ಹಲಿಗಿ ಇಲ್ಲಂದ್ರ ಸುರುಂಗಾನೂ ಇಲ್ಲ,” ಎಂದೆ.

ಮರುದಿನ ಮತ್ತೆ ಆಕೆಯ ಮನೆಗೆ ಹೋದೆ. ಹಲಗೆ ಕೇಳಿತು. ನೀಲವ್ವ ಜೋಳ ಬೀಸುವುದನ್ನು ನಿಲ್ಲಿಸಿ ಸೆರಗನ್ನು ಕಿವಿಗೆ ಒತ್ತಿಕೊಂಡಳು. ಸುರುಂಗ ಹಾರಿತು, ಹಿಂದಿನ ದಿನದಷ್ಟೇ ಜೋರಾಗಿ. ಆಕೆ ಸೆರಗು ಬಿಟ್ಟು ಮತ್ತೆ ಬೀಸತೊಡಗಿದಳು.

“ಯರಗಟ್ಟಿ ಕಡೆ ಹೋದ್ರ ನಮ್ಮ ತಮ್ಮಗ ಹೇಳ್ರಿ, ನಾ ಬರಂಗಿಲ್ಲ ಅಂತ,” ಎಂದಳು.

ಆ ಸಂಜೆ ಬಂಗಲೆಗೆ ಮರಳಿ ಕುಳಿತಿದ್ದಾಗ ಗಾಳಿಗೆ ಕದ ಒಮ್ಮೆ ಬಡಿಯಿತು. ಎದೆ ಧಸಕ್ಕೆಂದಿತು, ಆಮೇಲೆ ಅಳು ಬಂತು, ತಡೆಯಲಿಲ್ಲ. ಸಪ್ಪಳ ಎಷ್ಟು ದೊಡ್ಡದೆಂದು ವಿಚಾರಿಸುವ ಮೊದಲು, ಅದನ್ನು ಕೇಳುವವರ ಜೊತೆ ಯಾರಿದ್ದಾರೆಂದು ವಿಚಾರಿಸಬೇಕು. ಒಬ್ಬರೇ ಇರುವ ಮನೆಯಲ್ಲಿ ಸಣ್ಣ ಸಪ್ಪಳವೆಂಬುದು ಇಲ್ಲ.