ಚೀಟಿಯಿಲ್ಲದ ಚಿಲಕ

ನಮ್ಮ ಆಪ್ತಸಮಾಲೋಚನಾ ಕೇಂದ್ರದ ನಿಯಮ ಇಷ್ಟೇ: ಭೂಕಂಪವಾಗಿ ಎರಡು ವರ್ಷ ಕಳೆದ ಮೇಲೆ ನಿದ್ದೆ, ಊಟ, ಕೆಲಸ ಮೂರೂ ಸರಿಯಿದ್ದವರ ಫೈಲು ಮುಚ್ಚಬೇಕು. ಮನೆಗೆ ಹೋಗಿ ಮಾತಾಡಿಸುವುದೂ ಅಲ್ಲಿಗೆ ನಿಲ್ಲುತ್ತದೆ. ಫೈಲು ಮುಚ್ಚುವ ಫಾರಂ ತುಂಬುವವಳು ನಾನು. ಅವತ್ತು ಬಡಗಿ ಮಾವನ ಸರದಿ. ಓಣಿಗೆಲ್ಲ ಅವರು ಮಾವನೇ. ಮಾತು ಕಡಿಮೆ, ಮೊಂಡುತನ ಜಾಸ್ತಿ.

ಮೂರು ಪ್ರಶ್ನೆಗೂ "ಹೂಂ" ಎಂದರು. ಉಳಿ ಮಸೆಯುವುದನ್ನು ನಿಲ್ಲಿಸಲೂ ಇಲ್ಲ. ನಾನು ಎದ್ದು ಬರಬಹುದಿತ್ತು. ಆದರೆ ನನ್ನ ಹಾಳು ಕುತೂಹಲ ಬಿಡಬೇಕಲ್ಲ. ಮೇಜಿನ ಕೆಳಗಿದ್ದ ಬಿಸ್ಕತ್ತಿನ ಡಬ್ಬದ ಮೇಲೆ ಕಣ್ಣು ಬಿತ್ತು. ಅದರ ತುಂಬ ಹಳೆಯ ಚಿಲಕಗಳು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿತ್ತು: ‘ಟೈಲರ್, ಮಲಗುವ ಕೋಣೆ’, ‘ನರ್ಸಮ್ಮ, ಬಚ್ಚಲು’.

"ಇದೇನು ಮಾವ, ಗುಜರಿಗಾ?"

"ಚೆನ್ನಾಗಿ ಕೇಳ್ದೆ. ಭೂಕಂಪದ ದಿನ ಬಾಗಿಲು ಸಿಕ್ಕಾಕ್ಕೊಂಡು ಎಷ್ಟು ಜನ ಒಳಗೇ ಉಳಿದ್ರು, ಗೊತ್ತಲ್ಲ. ಆಮೇಲೆ ಒಬ್ಬೊಬ್ಬರೇ ಬಂದು ಚಿಲಕ ಕಿತ್ತುಬಿಡಿ ಅಂದ್ರು. ಧೈರ್ಯ ಬಂದ ದಿನ ಹೇಳಿ ಕಳಿಸ್ತಾರೆ, ಹೋಗಿ ಹಾಕಿ ಬರ್ತೀನಿ. ಇನ್ನೂ ಹತ್ತೊಂಬತ್ತು ಉಳಿದಿವೆ."

"ಟೈಲರ್ ಫೈಲು ಹೋದ ತಿಂಗಳೇ ನಾನು ಮುಚ್ಚಿದ್ನಲ್ಲ."

"ಮುಚ್ಚಿರ್ಬೋದು ಕಣಮ್ಮ. ಅವನ ಚಿಲಕ ಇಲ್ಲೇ ಇದೆ."

ನಾನು ಇಂಗು ತಿಂದ ಮಂಗನಂತಾದೆ. ಎರಡು ವರ್ಷ ಅಷ್ಟೊಂದು ಪ್ರಶ್ನೆ ಕೇಳಿದ್ದೆ, ಬಾಗಿಲಿನ ಮಾತೇ ಎತ್ತಿರಲಿಲ್ಲ. ಅಲ್ಲೇ ಕೂತು ಚೀಟಿಗಳ ಹೆಸರನ್ನೆಲ್ಲ ಬರೆದುಕೊಂಡೆ. ಹತ್ತೊಂಬತ್ತಾದ ಮೇಲೂ ಡಬ್ಬದ ತಳದಲ್ಲಿ ಒಂದು ಉಳಿಯಿತು. ಅದಕ್ಕೆ ಚೀಟಿಯೇ ಇರಲಿಲ್ಲ.

"ಇದು ಯಾರದು ಮಾವ?"

ಮಾವ ಉಳಿಯನ್ನು ಇನ್ನೂ ಜೋರಾಗಿ ಮಸೆದರು. ಉತ್ತರ ಬಂದದ್ದು ಒಳಗಿನಿಂದ, ಅತ್ತೆಯದು.

"ನಮ್ಮ ಬಚ್ಚಲದ್ದೇ. ಇವರು ಸ್ನಾನಕ್ಕೆ ಹೋದ್ರೆ ನಾನು ಹೊರಗೆ ನಿಂತು ಮಾತಾಡ್ತಾನೇ ಇರ್ಬೇಕು. ನಿಲ್ಲಿಸಿದ್ರೆ ಸೋಪಿನ ನೊರೆ ಸಮೇತ ಓಡಿ ಬರ್ತಾರೆ. ಎರಡು ವರ್ಷದಿಂದ ಮಾತಾಡಿ ಮಾತಾಡಿ ನನ್ನ ಹತ್ರ ಸುದ್ದಿನೇ ಮುಗಿದೋಗಿದೆ."

"ಅದನ್ನೆಲ್ಲ ಯಾಕೆ ಹೇಳ್ತೀಯೇ," ಎಂದು ಮಾವ ನಗಲು ಹೋದರು, ಆಗಲಿಲ್ಲ. ನಾನು ಫಾರಂ ಮಡಚಿ ಚೀಲಕ್ಕೆ ಹಾಕಿದೆ.

"ಫೈಲು ಮುಚ್ಚಲ್ಲ ಮಾವ. ಮುಂದಿನ ವಾರ ಬರ್ತೀನಿ."

"ನಿಮ್ಮ ನಿಯಮ?"

"ಕೇಂದ್ರದವರ ಹತ್ರ ನಾನು ಜಗಳ ಆಡ್ಕೋತೀನಿ. ನೀವು ಒಂದು ತುಂಡು ದಾರ ಕೊಡಿ."

ಚೀಟಿಯಲ್ಲಿ ‘ಬಡಗಿ ಮಾವ, ಬಚ್ಚಲು’ ಎಂದು ಬರೆದು ಆ ಚಿಲಕಕ್ಕೆ ಕಟ್ಟಿದೆ. ಗಂಟು ಬಿಗಿಯುವವರೆಗೂ ದಾರದ ತುದಿಯನ್ನು ಮಾವನೇ ಹಿಡಿದುಕೊಂಡಿದ್ದರು.