ಮಾಳಿಗೆಯ ಮೇಲೆ ಬಾರದ ಸಂದೇಶ

ನಮ್ಮ ಸೋದರತ್ತೆಯ ಜೊತೆ ದೇವರು ತೆಲುಗಿನಲ್ಲಿ ಮಾತಾಡುತ್ತಿದ್ದ. ಗಂಡ ಸತ್ತ ಮೇಲೆ ಅವಳು ಶ್ರೀನಿವಾಸಪುರದ ನಮ್ಮ ಮನೆಯಲ್ಲೇ ಇದ್ದಳು. ಶುಕ್ರವಾರದ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಕಣ್ಣೊರೆಸಿಕೊಂಡು, ಪ್ರಭು ಏನು ಹೇಳಿದನೆಂದು ತಿಳಿಸುತ್ತಿದ್ದಳು. ಹಸು ಮಾರುವುದಕ್ಕೂ ಮನೆಗೆ ಸುಣ್ಣ ಬಳಿಯುವುದಕ್ಕೂ ಅಪ್ಪಣೆ ಅಲ್ಲಿಂದಲೇ ಬರಬೇಕು. ಅಪ್ಪನಿಗಂತೂ ಅಕ್ಕನ ಮಾತೆಂದರೆ ಮುಗಿಯಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಕೋಲಾರದಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತು. ಹಳೆ ಟ್ರಂಕಿಗೆ ಬಣ್ಣ ಹೊಡೆಸಿದ್ದೂ ಆಗಿತ್ತು. ಆ ಶುಕ್ರವಾರ ಅತ್ತೆಗೆ ಸಂದೇಶ ಬಂತು: ಹುಡುಗಿ ಆಸ್ಪತ್ರೆಗೆ ಹೋಗುವುದು ಬೇಡ, ಮುಳಬಾಗಿಲಿನಲ್ಲಿ ಹೆಂಡತಿ ತೀರಿಕೊಂಡ ಒಬ್ಬ ಮೇಷ್ಟ್ರಿದ್ದಾರೆ, ಅವರನ್ನು ಮದುವೆಯಾಗಲಿ. ಆ ಮೇಷ್ಟ್ರು ಅತ್ತೆಯ ಮೈದುನ. ಇಡೀ ಜಿಲ್ಲೆಯಲ್ಲಿ ದೇವರಿಗೆ ಅವರೊಬ್ಬರ ಮನೆಯೇ ಕಂಡಿತ್ತು.

ನಾನೂ ಸಂಡೇ ಸ್ಕೂಲಿನಲ್ಲಿ ಬೆಳೆದವಳು. ಅಪ್ಪನ ಎದುರು ನಿಂತು ವಾದಿಸಿದೆ. ಬೈಬಲಿನಲ್ಲಿ, ಮೊದಲ ಕ್ರೈಸ್ತರ ಕಾಲದಲ್ಲಿ, ನೂರು ಸೈನಿಕರ ಮೇಲಿನ ರೋಮಿನ ಶತಾಧಿಪತಿಯೊಬ್ಬ ಪ್ರಾರ್ಥಿಸಿದಾಗ, ಪ್ರಭುವಿನ ಇಂಥ ಶಿಷ್ಯನನ್ನು ಕರೆಸು ಎಂದು ದೇವದೂತ ಹೇಳಿದ. ಶತಾಧಿಪತಿಯ ಆಳುಗಳು ಬಾಗಿಲಿಗೆ ಬರುವ ಹೊತ್ತಿಗೆ ಆ ಶಿಷ್ಯನೂ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿದ್ದ. ಅವರ ಜೊತೆ ಹೋಗು ಎಂದು ಅವನಿಗೂ ಅಪ್ಪಣೆಯಾಯಿತು. ಹೋಗಬೇಕಾದವನಿಗೆ ಹೇಳದೆ ದೇವರು ಕಳಿಸಲಿಲ್ಲ.

"ಹೋಗೋಳು ನಾನು. ನನಗೂ ಹೇಳ್ಲಿ," ಅಂದೆ.

ಅಪ್ಪ ಮಾಳಿಗೆಯ ಮೆಟ್ಟಿಲ ಕಡೆ ಕೈ ತೋರಿಸಿದರು. "ಸರಿ, ನೀನೂ ಮಾಳಿಗೆ ಹತ್ತು. ಏನ್ ಬರುತ್ತೋ ಬಂದು ಹೇಳು, ಅದರಂತೇ ಮಾಡೋಣ," ಅಂದರು.

ಮಧ್ಯಾಹ್ನ ಊಟ ಬಿಟ್ಟು ಮೇಲೆ ಹೋಗಿ ಮಂಡಿಯೂರಿದೆ. ಚಪ್ಪಡಿ ಕಾದು ಮಂಡಿ ಸುಡುತ್ತಿತ್ತು. ಪಕ್ಕದ ತೋಪಿನಲ್ಲಿ ಮಾವಿನಕಾಯಿ ಕೀಳುವವರು ಕೂಗಾಡುತ್ತಿದ್ದರು. ಅತ್ತು ಬೇಡಿಕೊಂಡೆ, ಬೈದೂ ಬೇಡಿಕೊಂಡೆ. ಏನೂ ಕೇಳಿಸಲಿಲ್ಲ. ಕೆಳಗಿಳಿದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ದೇವರ ಹೆಸರಿನಲ್ಲಿ ಸುಳ್ಳಾಡಲು ನಾಲಿಗೆ ಏಳಲಿಲ್ಲ. ಮದುವೆ ಬೇಡ ಅಂತಲೂ ಹೇಳಲಿಲ್ಲವಲ್ಲ ಎಂದು ಅತ್ತೆ ನನ್ನ ಕೆನ್ನೆ ಸವರಿದಳು. ಆ ಕೈಯನ್ನು ಕಚ್ಚಬೇಕು ಅನ್ನಿಸಿತು. ಮಾವಿನ ಕಾಲ ಮುಗಿಯುವ ಮೊದಲೇ ಬಣ್ಣದ ಟ್ರಂಕು ಮುಳಬಾಗಿಲಿಗೆ ಹೋಯಿತು.

ಕೆಲವು ವರ್ಷಗಳ ಮೇಲೆ ನನ್ನ ತಂಗಿಗೂ ಅಲ್ಲೇ ಸೀಟು ಸಿಕ್ಕಿತು. ಅತ್ತೆಗೆ ಮತ್ತೆ ಸಂದೇಶ. ಈ ಸಲ ಮಾಲೂರಿನ ಹೆಂಚಿನ ವ್ಯಾಪಾರಿ. ತಂಗಿ ವಾದ ಮಾಡಲಿಲ್ಲ. ಅಕ್ಕನ ಹಾಗೆ ತಾನೂ ಕೇಳಿಕೊಂಡು ಬರುತ್ತೇನೆಂದು ಮಾಳಿಗೆ ಹತ್ತಿದಳು. ಇಳಿದು ಬಂದು, ರೋಗಿಗಳ ಸೇವೆ ಮಾಡು ಎಂದು ಪ್ರಭು ಹೇಳಿದನೆಂದಳು, ಅದೂ ತೆಲುಗಿನಲ್ಲಿ. ಅಪ್ಪ ಪ್ರಭುವಿಗೆ ಸ್ತೋತ್ರ ಎಂದು ಕೈಮುಗಿದರು. ಅತ್ತೆಯೂ ಕೈಮುಗಿಯಬೇಕಾಯಿತು.

ಮುಂದೆ ನಮ್ಮೆಜಮಾನರ ಸಕ್ಕರೆ ಕಾಯಿಲೆಗೆಂದು ಕೋಲಾರಕ್ಕೆ ಹೋದಾಗ, ಬಿಳಿ ಸೀರೆಯಲ್ಲಿದ್ದ ತಂಗಿಯನ್ನು ಮೆಲ್ಲಗೆ ಕೇಳಿದೆ, ಅವತ್ತು ನಿನಗೆ ನಿಜವಾಗಿ ಕೇಳಿಸಿತಾ ಎಂದು. ಅವಳು ಸೂಜಿಗೆ ಔಷಧಿ ಎಳೆದುಕೊಳ್ಳುತ್ತಾ ನಕ್ಕಳು.

"ಇಲ್ಲ ಕಣಕ್ಕಾ. ಮೇಲೆ ಸಂಡಿಗೆ ಒಣಗಾಕಿದ್ರಲ್ಲ, ತಿಂತಾ ಕೂತಿದ್ದೆ."

ಆ ಮನೆಯಲ್ಲಿ ನಿಜವಾಗಿ ಪ್ರಾರ್ಥನೆ ಮಾಡಿದವಳು ನಾನೊಬ್ಬಳೇ.