ಚಿನ್ನಿಯ ಬಾಗಿಲನ್ನು ಆರಿಸಿದವಳು

ಮಹಾಜನಗಳೇ, ಕೇಳಿ! ಇಂದು ಬನಹಟ್ಟಿಯ ನಮ್ಮ ಮನೆಯಲ್ಲಿ ಬೆಕ್ಕಿನ ಬಾಗಿಲಿಗಾಗಿ ಮಹಾಸಮರವೇ ನಡೆಯಿತು.

ಮಗ್ಗದ ಕೋಣೆಯ ಬಾಗಿಲಲ್ಲಿ ನಮ್ಮ ಬೆಕ್ಕು ಚಿನ್ನಿಗೆಂದು ಒಂದು ಕಿಂಡಿಯಿದೆ. ಅವಳು ಬರದಿದ್ದರೆ ಇಲಿಗಳು ನೂಲು ಕಡಿಯುತ್ತವೆ. ಆದರೆ ಅದೇ ಕಿಂಡಿಯಿಂದ ಓಣಿಯ ಗಂಡುಬೆಕ್ಕೂ ನುಗ್ಗಿ, ನೇಯ್ದಿಟ್ಟ ಸೀರೆಯ ಮೇಲೆ ಉಚ್ಚೆ ಹೊಯ್ದು ಹೋಗುತ್ತದೆ. ಅದಕ್ಕೇ ಕೊರಳಪಟ್ಟಿಯನ್ನು ಗುರುತಿಸಿ ತೆರೆಯುವ ಬಾಗಿಲು ಬೇಕಾಯಿತು. ಜಮಖಂಡಿಯ ಅಂಗಡಿಯವರು ಎರಡು ನಮೂನೆ ತಂದರು. ಒಂದರ ಪಟ್ಟಿಯಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಚಿಪ್.

"ಅಯಸ್ಕಾಂತದ್ದೇ ಇರ್ಲಿ!" ಎಂದು ನಾನು ಗುಡುಗಿದೆ.

"ಬ್ಯಾಡ್ರೀ, ಅದು ಮಗ್ಗದ ಕೆಳಗ ಮಲಗೂ ಬೆಕ್ಕು," ಎಂದಳು ನನ್ನ ಹೆಂಡತಿ ಮಹಾದೇವಿ.

"ನೀ ಸುಮ್ನಿರು. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಪಟ್ಟಿ ಕಟ್ಟಿದೆ. ಚಿನ್ನಿ ಎಂದಿನಂತೆ, ನಿಲ್ಲಿಸಿದ್ದ ಮಗ್ಗದ ಕೆಳಗೆ ನುಸುಳಿ ಹೊರಬಂದಳು. ಅಲ್ಲಿ ಬಿದ್ದಿದ್ದ ಕಬ್ಬಿಣದ ಪಿನ್ನುಗಳೆಲ್ಲ ಅವಳ ಕೊರಳಲ್ಲಿ! ಸಾಕ್ಷಾತ್ ಪಟ್ಟದರಸಿಯ ಪ್ರವೇಶ.

ಮಹಾದೇವಿ ಅಂಗಡಿಯವರತ್ತ ತಿರುಗಿದಳು. "ನಾಳೆ ಬೆಕ್ಕೇ ಮಗ್ಗಕ್ಕ ಅಂಟಿದ್ರ ಬಿಡಸಾಕ ನೀವು ಬರ್ತೀರೇನ್ರೀ ಅಣ್ಣಾರ?"

"ಇಲ್ರೀ ಅಕ್ಕಾರ. ಇನ್ನ ನೇಕಾರರ ಮನಿಗೆ ಹೋಗೂ ಮುಂದ ನಿಮ್ಮನ್ನ ಕೇಳೇ ಹೋಗ್ತೇನ್ರಿ," ಎಂದು ಅವರು ಕೈಮುಗಿದರು.

ಸೋತವನು ನಾನಾದರೂ ಗೆದ್ದವಳು ನನ್ನವಳಲ್ಲವೇ! ಎದೆ ಎರಡು ಮೊಳ ಉಬ್ಬಿತು.

ಈಗ ಚಿಪ್ ಬಾಗಿಲು ಕೂತಿದೆ. ಹೊರಗೆ ಗಂಡುಬೆಕ್ಕು ಅದಕ್ಕೆ ತಲೆ ಗುದ್ದುತ್ತಿದೆ. ಪಕ್ಕದಲ್ಲಿ ಕೂತು ಸಮಾಧಾನ ಹೇಳಿದೆ: "ತಮ್ಮಾ, ಈ ಮನ್ಯಾಗ ಗಂಡಸರು ಕೇಳೇ ಒಳಗ ಬರಬೇಕಪಾ."